ಸೊಟ್ಟಪಾದದ ಚಿಕಿತ್ಸೆ: ಸಹನೆಗೆ ಸಂದ ಜಯ

ಹಿರಿಯರಿಗೆ ವಂದಿಸುವವರು ಮುಟ್ಟುವುದು ಪಾದವನ್ನು; ಮಹನೀಯರ ಆಗಮನವನ್ನು ಪಾದಾರ್ಪಣೆಯೆಂದು ಕರೆಯುವುದು ನಾಡಿನ ರೂಢಿ. ದೇಹದ ಭಾರವನ್ನೆಲ್ಲ ಹೊತ್ತು ಬಾಳಿನುದ್ದಕ್ಕೂ ಮನುಷ್ಯನನ್ನು ನಡೆಸುವ ಈ ಅಂಗವು ಹುಟ್ಟುವಾಗಲೇ ತಿರುಚಿಕೊಂಡಿದ್ದರೆ ಆ ಶಿಶುವಿನ ಮುಂದಿನ ಬದುಕಿನ ದಾರಿಯೇ ಬೇರೆಯಾಗಿಬಿಡುತ್ತದೆ. ಅಂಗಾಲು ನೆಲದತ್ತ ಇರದೆ ಒಳಮುಖವಾಗಿ ಹೊರಳಿರುತ್ತದೆ. ಹಿಮ್ಮಡಿ ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಪಾದದ ಮುಂಭಾಗ ಒಳಕ್ಕೆ ಬಾಗಿ, ಅಂಗಾಲಿನ ಕಮಾನು ಅತಿಯಾಗಿ ಎತ್ತರವಾಗಿರುತ್ತದೆ. ಜನರು ಇದನ್ನು ಸೊಟ್ಟಗಾಲು, ಸೊಟ್ಟಪಾದ ಎನ್ನುತ್ತಾರೆ. ವೈದ್ಯರು ಕ್ಲಬ್‌ಫುಟ್ ಎನ್ನುತ್ತಾರೆ.

ಸಾವಿರ ಶಿಶುಗಳಲ್ಲಿ ಸುಮಾರು ಒಂದು ಶಿಶು ಹೀಗೆ ಹುಟ್ಟುತ್ತದೆ. ಹೆಣ್ಣು ಮಕ್ಕಳಿಗಿಂತ ಗಂಡು ಮಕ್ಕಳಲ್ಲಿ ಇದು ಇಮ್ಮಡಿ. ಹೀಗೆ ಹುಟ್ಟಿದವರಲ್ಲಿ ಸುಮಾರು ಅರ್ಧದಷ್ಟು ಮಕ್ಕಳಿಗೆ ಎರಡು ಪಾದಗಳೂ ಸೊಟ್ಟಗಿರುತ್ತವೆ. ಚಿಕಿತ್ಸೆ ದೊರೆಯದ ಮಗು ಪಾದದ ಹೊರ ಅಂಚನ್ನೋ ಮೇಲ್ಭಾಗವನ್ನೋ ನೆಲಕ್ಕೂರಿ ನಡೆಯಲು ಕಲಿಯುತ್ತದೆ. ಆ ಭಾಗದ ಚರ್ಮ ದಪ್ಪಗಟ್ಟಿ ಹುಣ್ಣಾಗುತ್ತದೆ, ಪೇಟೆಯ ಚಪ್ಪಲಿ ಕಾಲಿಗೆ ಹಿಡಿಸುವುದಿಲ್ಲ, ಶಾಲೆಯ ದಾರಿ ದೂರವಾಗುತ್ತದೆ. ನೋವಿಗಿಂತಲೂ ಹೆಚ್ಚಾಗಿ ಇತರರ ನೋಟವೇ ಅದನ್ನು ಮೂಲೆಗೆ ತಳ್ಳುತ್ತದೆ.

ಇಂತಹ ಪಾದವನ್ನು ನೇರಗೊಳಿಸುವ ಪ್ರಯತ್ನಕ್ಕೆ ಎರಡು ಸಾವಿರ ವರ್ಷಗಳಿಗೂ ಮೀರಿದ ಇತಿಹಾಸವಿದೆ. ಆ ಇತಿಹಾಸವನ್ನು ಪರಿಶೀಲಿಸಿದಾಗ ಕಂಡುಬರುವ ಸಂಗತಿ ವಿಚಾರಯೋಗ್ಯವಾದುದು: ಆರಂಭದಲ್ಲೇ ತಿಳಿದಿದ್ದ ಮೃದುವಾದ ಮಾರ್ಗವನ್ನು ಬಿಟ್ಟು ಮನುಷ್ಯನು ಬಲದ ಮಾರ್ಗವನ್ನು ಹಿಡಿದನು, ಅಲ್ಲಿಂದ ಹಿಂದಿರುಗಲು ಅವನಿಗೆ ಶತಮಾನಗಳೇ ಬೇಕಾದವು.

ಪ್ರಾಚೀನರ ಅರಿವು

ಕ್ರಿಸ್ತಪೂರ್ವ ನಾಲ್ಕುನೂರರ ಸುಮಾರಿನಲ್ಲಿ ಗ್ರೀಸಿನಲ್ಲಿ ಹಿಪಾಕ್ರಟಿಸನ ಹೆಸರಿನಲ್ಲಿ ರಚಿತವಾದ ವೈದ್ಯಗ್ರಂಥಗಳಲ್ಲಿ ಕೀಲುಗಳನ್ನು ಕುರಿತ ಒಂದು ಗ್ರಂಥವಿದೆ. ಹುಟ್ಟಿನಿಂದ ಬಂದ ಸೊಟ್ಟಪಾದದ ಚಿಕಿತ್ಸೆಯು ಅದರಲ್ಲಿ ನಿರೂಪಿತವಾಗಿದೆ. ಆ ಗ್ರಂಥದ ಅಭಿಪ್ರಾಯದಂತೆ ಇಂತಹ ಪಾದಗಳಲ್ಲಿ ಬಹುಪಾಲು ಗುಣವಾಗತಕ್ಕವು. ಚಿಕಿತ್ಸೆ ಎಷ್ಟು ಬೇಗ ಆರಂಭವಾದರೆ ಅಷ್ಟು ಒಳಿತು. ವೈದ್ಯನು ಮೇಣವನ್ನು ತಿದ್ದುವಷ್ಟು ನಯವಾಗಿ ಕೈಗಳಿಂದ ಪಾದವನ್ನು ತಿದ್ದಬೇಕು, ಬಟ್ಟೆಯ ಪಟ್ಟಿಗಳಿಂದ ಸುತ್ತಿ ಆ ಸ್ಥಿತಿಯಲ್ಲಿ ನಿಲ್ಲಿಸಬೇಕು, ಮತ್ತೆ ಬಿಚ್ಚಿ ಮತ್ತೆ ತಿದ್ದಬೇಕು. ಪಾದ ನೇರವಾದ ಮೇಲೂ ಅದು ಹಿಂದಿನ ಸ್ಥಿತಿಗೆ ಮರಳದಂತೆ ವಿಶೇಷ ಪಾದರಕ್ಷೆಯನ್ನು ತೊಡಿಸಬೇಕು.

ಬೇಗ ಆರಂಭಿಸುವುದು, ಮೆಲ್ಲನೆ ತಿದ್ದುವುದು, ತಿದ್ದಿದುದನ್ನು ಬಹುಕಾಲ ಕಾಯ್ದುಕೊಳ್ಳುವುದು ಎಂಬ ಮೂರು ಸೂತ್ರಗಳೂ ಇಲ್ಲಿವೆ. ಇಂದಿನ ಚಿಕಿತ್ಸೆಯೂ ಇವುಗಳ ಮೇಲೆಯೇ ನಿಂತಿದೆ. ಆದರೆ ಚರ್ಮದ ಒಳಗೆ ಯಾವ ಎಲುಬು ಯಾವುದರ ಮೇಲೆ ಹೇಗೆ ಚಲಿಸುತ್ತದೆ ಎಂಬ ಜ್ಞಾನ ಅಂದು ಇರಲಿಲ್ಲ. ಆ ಜ್ಞಾನದ ಕೊರತೆ ಮುಂದೆ ಬಹಳ ಕಾಲ ಹಾಗೆಯೇ ಉಳಿಯಿತು.

ಕತ್ತಿ ಮತ್ತು ಯಂತ್ರಗಳ ಕಾಲ

1803ರಲ್ಲಿ ಇಟಲಿಯ ಅಂಗರಚನಾ ಶಾಸ್ತ್ರಜ್ಞ ಆಂಟೋನಿಯೊ ಸ್ಕಾರ್ಪಾ ಸೊಟ್ಟಪಾದವನ್ನು ಕುರಿತ ತನ್ನ ಪ್ರಬಂಧವನ್ನು ಪ್ರಕಟಿಸಿದನು. ಎಲುಬುಗಳು ಸಹಜ ಸ್ಥಾನದಿಂದ ಸರಿದಿರುವುದೇ ಈ ವಿಕಾರದ ಸ್ವರೂಪವೆಂದು ವಿವರಿಸಿದ ಆತನು, ಲೋಹದ ಪಟ್ಟಿಗಳನ್ನು ಜೋಡಿಸಿದ ಪಾದರಕ್ಷೆಯೊಂದನ್ನು ಬಳಕೆಗೆ ತಂದನು. 1816ರಲ್ಲಿ ಫ್ರಾನ್ಸಿನ ಡೆಲ್ಪೆಕ್ ಹಿಮ್ಮಡಿಯನ್ನು ಮೇಲಕ್ಕೆಳೆಯುವ ಸ್ನಾಯುರಜ್ಜುವನ್ನು ಕತ್ತರಿಸುವ ಸಾಹಸ ಮಾಡಿದನು. ಗಾಯವು ಕೀವುಗಟ್ಟಿದ್ದರಿಂದ ಆ ಪ್ರಯತ್ನಕ್ಕೆ ಹೆಚ್ಚಿನ ಅನುಯಾಯಿಗಳು ದೊರೆಯಲಿಲ್ಲ. 1831ರಲ್ಲಿ ಜರ್ಮನಿಯ ಹ್ಯಾನೋವರಿನ ಸ್ಟ್ರೊಮೈಯರ್ ಚರ್ಮದಲ್ಲಿ ಒಂದು ಸಣ್ಣ ತೂತನ್ನು ಮಾತ್ರ ಮಾಡಿ, ಅದರೊಳಗಿನಿಂದ ರಜ್ಜುವನ್ನು ಕತ್ತರಿಸುವ ಕ್ರಮವನ್ನು ಕಂಡುಕೊಂಡನು. ಗಾಯ ಚಿಕ್ಕದಾದುದರಿಂದ ಕೀವಾಗುವ ಭಯ ತಗ್ಗಿತು.

ಬಾಲ್ಯದ ರೋಗವೊಂದರಿಂದ ಕಾಲು ಸೊಟ್ಟಗಾಗಿದ್ದ ಆಂಗ್ಲ ವೈದ್ಯ ವಿಲಿಯಂ ಜಾನ್ ಲಿಟಲ್ 1836ರಲ್ಲಿ ಸ್ಟ್ರೊಮೈಯರನ ಬಳಿಗೆ ಹೋಗಿ ಚಿಕಿತ್ಸೆ ಪಡೆದನು. ತಾನು ಅನುಭವಿಸಿ ತಿಳಿದ ವಿದ್ಯೆಯನ್ನು ಲಂಡನ್ನಿಗೆ ಕೊಂಡೊಯ್ದು, ಇದಕ್ಕೆಂದೇ ಸಂಸ್ಥೆಯೊಂದನ್ನು ಸ್ಥಾಪಿಸಿ, 1839ರಲ್ಲಿ ಗ್ರಂಥವನ್ನೂ ಪ್ರಕಟಿಸಿದನು. ಚಿಕಿತ್ಸೆ ಪಡೆದವನೇ ಚಿಕಿತ್ಸಕನಾದ ಈ ಪ್ರಸಂಗ ವೈದ್ಯಕೀಯ ಇತಿಹಾಸದಲ್ಲಿ ಅಪರೂಪದ್ದು.

ಆದರೆ ಹೊಸ ವಿದ್ಯೆಗೆ ಕೀರ್ತಿ ಬಂದಂತೆ, ಅರಿಯದವರೂ ಅದಕ್ಕೆ ಕೈಹಾಕತೊಡಗಿದರು. ಫ್ರೆಂಚ್ ಲೇಖಕ ಫ್ಲೋಬೇರನ ‘ಮದಾಂ ಬೊವಾರಿ’ ಕಾದಂಬರಿಯಲ್ಲಿ ಹೆಸರಿನಾಸೆಗೆ ಒಳಗಾದ ವೈದ್ಯನೊಬ್ಬ ಕುದುರೆಲಾಯದ ಆಳಿನ ಸೊಟ್ಟಪಾದದ ರಜ್ಜುವನ್ನು ಕತ್ತರಿಸುತ್ತಾನೆ. ಕಾಲು ಕೊಳೆತು, ಕೊನೆಗೆ ಅದನ್ನೇ ತೆಗೆಯಬೇಕಾಗುತ್ತದೆ. ಅಷ್ಟರಮಟ್ಟಿಗೆ ಆ ಕಾಲದ ಜನಮನದಲ್ಲಿ ಈ ಚಿಕಿತ್ಸೆಯೂ ಅದರ ಅಪಾಯವೂ ನೆಲೆಸಿದ್ದವು.

ಡಚ್ ಸೈನ್ಯದ ವೈದ್ಯ ಮ್ಯಾಥೈಸನ್ ಪ್ಲಾಸ್ಟರ್ ಪುಡಿಯನ್ನು ತುಂಬಿದ ಬಟ್ಟೆಯ ಪಟ್ಟಿಯನ್ನು 1852ರಲ್ಲಿ ಲೋಕಕ್ಕೆ ಪರಿಚಯಿಸಿದನು. ನೀರಿನಲ್ಲಿ ಅದ್ದಿ ಸುತ್ತಿದರೆ ಕೆಲವೇ ನಿಮಿಷಗಳಲ್ಲಿ ಗಟ್ಟಿಯಾಗುವ ಈ ಪಟ್ಟಿಯಿಂದ, ತಿದ್ದಿದ ಪಾದವನ್ನು ತಿದ್ದಿದ ಸ್ಥಿತಿಯಲ್ಲೇ ಹಿಡಿದಿಡುವುದು ಸುಲಭವಾಯಿತು. ಅರಿವಳಿಕೆಯೂ ಗಾಯ ಕೊಳೆಯದಂತೆ ತಡೆಯುವ ವಿಧಾನವೂ ಆ ಶತಮಾನದಲ್ಲೇ ಬಂದವು. ಇವೆಲ್ಲವೂ ವರಗಳೇ. ಆದರೆ ನೋವಿನ ತಡೆ ಇಲ್ಲವಾದಾಗ ಬಲಪ್ರಯೋಗಕ್ಕೂ ತಡೆಯಿಲ್ಲದಂತಾಯಿತು. ಇಂಗ್ಲೆಂಡಿನ ಹ್ಯೂ ಓವೆನ್ ಥಾಮಸ್ ಪಾದವನ್ನು ಹಿಡಿದು ತಿರುಚುವ ಕಬ್ಬಿಣದ ಇಕ್ಕುಳದಂತಹ ಸಾಧನವನ್ನೇ ರೂಪಿಸಿದನು. ಎಳೆಯ ಪಾದದ ಮೃದ್ವಸ್ಥಿಗಳು ಅಂತಹ ಬಲಕ್ಕೆ ನಜ್ಜುಗುಜ್ಜಾಗುತ್ತಿದ್ದವು. ಹೊರನೋಟಕ್ಕೆ ನೇರವಾದ ಪಾದವು ಒಳಗೆ ಸೆಡೆತುಕೊಳ್ಳುತ್ತಿತ್ತು.

ಸನ್ನಿಹಿತವಾಗಿದ್ದ ಸತ್ಯ

ಅಮೆರಿಕದ ಜಾರ್ಜಿಯಾ ಪ್ರಾಂತದ ವೈದ್ಯ ಹೈರಮ್ ಕೈಟ್ ಇಪ್ಪತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಲಪ್ರಯೋಗವನ್ನು ವಿರೋಧಿಸಿ, ಮೆಲ್ಲನೆ ತಿದ್ದಿ ಪ್ಲಾಸ್ಟರ್ ಹಾಕುವ ಕ್ರಮವನ್ನು ನಿಷ್ಠೆಯಿಂದ ನಡೆಸಿದನು. ಅವನ ಉದ್ದೇಶ ಶುದ್ಧವಾಗಿತ್ತು, ಸಹನೆಯೂ ಇತ್ತು. ಆದರೆ ಪಾದವನ್ನು ಹೊರಕ್ಕೆ ತಿರುಗಿಸುವಾಗ ಅವನು ಹೆಬ್ಬೆರಳನ್ನು ಒತ್ತುತ್ತಿದ್ದುದು ಪಾದದ ಹೊರ ಅಂಚಿನ ನಡುಭಾಗದಲ್ಲಿ. ಆ ಒತ್ತಡವು ಹಿಮ್ಮಡಿಯ ಎಲುಬು ಹೊರಳುವುದನ್ನೇ ತಡೆಯುತ್ತಿತ್ತು. ಆದುದರಿಂದ ಚಿಕಿತ್ಸೆ ಹಲವು ತಿಂಗಳು, ಕೆಲವರಲ್ಲಿ ಎರಡು ವರ್ಷಗಳವರೆಗೂ ಸಾಗುತ್ತಿತ್ತು. ಅಷ್ಟು ಸಹನೆ ಎಲ್ಲ ವೈದ್ಯರಿಗೂ ಇರಲಿಲ್ಲ. ಅನುಕರಿಸಿದವರು ಸೋತು, ಮತ್ತೆ ಕತ್ತಿಯನ್ನೇ ನೆಚ್ಚಿದರು. ಸದುದ್ದೇಶಕ್ಕೆ ಸರಿಯಾದ ತಿಳಿವಳಿಕೆಯ ಜೊತೆಯಿಲ್ಲದಿದ್ದರೆ ಫಲ ಅಪೂರ್ಣವಾಗುವುದೆಂಬುದಕ್ಕೆ ಇದು ನಿದರ್ಶನ. ತಪ್ಪಿದ್ದುದು ಹೆಬ್ಬೆರಳಿನ ಸ್ಥಾನ ಮಾತ್ರ. ಅಂತರ ಒಂದೆರಡು ಸೆಂಟಿಮೀಟರ್‌ಗಳದು.

ಪೊನ್ಸೆಟಿಯ ಅನ್ವೇಷಣೆ

ಆ ತಪ್ಪನ್ನು ಕಂಡುಹಿಡಿದವರು ಇಗ್ನೇಸಿಯೊ ಪೊನ್ಸೆಟಿ. ಸ್ಪೇನಿಗೆ ಸೇರಿದ ಮಿನೋರ್ಕಾ ದ್ವೀಪದಲ್ಲಿ 1914ರಲ್ಲಿ ಅವರು ಜನಿಸಿದರು. ತಂದೆ ಗಡಿಯಾರ ರಿಪೇರಿ ಮಾಡುವವರು. ಚಿಕ್ಕ ಚಿಕ್ಕ ಚಕ್ರಗಳು ಒಂದನ್ನೊಂದು ನಡೆಸುವ ಬಗೆಯನ್ನು ಬಾಲಕ ತಂದೆಯ ಅಂಗಡಿಯಲ್ಲಿ ಕುಳಿತು ಕಂಡಿದ್ದನು. 1936ರಲ್ಲಿ ಬಾರ್ಸಿಲೋನಾದಲ್ಲಿ ವೈದ್ಯಪದವಿ ದೊರೆಯಿತು. ಅದೇ ವರ್ಷ ಸ್ಪೇನಿನ ಅಂತರ್ಯುದ್ಧ ಆರಂಭವಾಯಿತು. ಗಣರಾಜ್ಯದ ಪಕ್ಷದ ಸೈನ್ಯದಲ್ಲಿ ಮುರಿದ ಎಲುಬುಗಳನ್ನು ಕೂಡಿಸುವುದೇ ಅವರ ಕಾಯಕವಾಯಿತು. 1939ರಲ್ಲಿ ಆ ಪಕ್ಷ ಸೋತಾಗ, ಗಾಯಾಳುಗಳನ್ನು ಕರೆದುಕೊಂಡು ಪಿರೆನೀಸ್ ಪರ್ವತಗಳನ್ನು ದಾಟಿ ಫ್ರಾನ್ಸಿಗೆ ತಲುಪಿದರು. ಅಲ್ಲಿಂದ ಮೆಕ್ಸಿಕೊಗೆ ಹೋಗಿ ಹಳ್ಳಿಯೊಂದರಲ್ಲಿ ವೈದ್ಯರಾಗಿದ್ದರು. 1941ರಲ್ಲಿ ಅಮೆರಿಕದ ಅಯೋವಾ ವಿಶ್ವವಿದ್ಯಾಲಯದಲ್ಲಿ ಆರ್ಥರ್ ಸ್ಟೈಂಡ್ಲರ್ ಎಂಬ ಹೆಸರಾಂತ ಮೂಳೆತಜ್ಞರ ಶಿಷ್ಯರಾದರು.

ಅಲ್ಲಿ ಅವರು ಕೈಗೊಂಡ ಮೊದಲ ಕೆಲಸಗಳಲ್ಲೊಂದು, ಗುರುವಿನ ವಿಭಾಗದಲ್ಲಿ ಹಿಂದೆ ಶಸ್ತ್ರಚಿಕಿತ್ಸೆಗೆ ಒಳಗಾಗಿದ್ದ ಸೊಟ್ಟಪಾದದ ರೋಗಿಗಳ ಸ್ಥಿತಿಯನ್ನು ಪರೀಕ್ಷಿಸುವುದು. ಕಂಡುಬಂದ ಫಲಿತಾಂಶ ಸಂತೋಷಕರವಾಗಿರಲಿಲ್ಲ. ಪಾದಗಳು ಬಿಗಿದುಕೊಂಡು ದುರ್ಬಲವಾಗಿದ್ದವು, ಹಲವರಿಗೆ ನೋವಿತ್ತು. ಕತ್ತರಿಸಿದ ಕಡೆಯೆಲ್ಲ ಗಡಸು ಕಲೆ ಬೆಳೆದು ಚಲನೆಯನ್ನು ಕಟ್ಟಿಹಾಕಿತ್ತು. ಗುರುವಿನ ಕಾರ್ಯದ ಫಲವನ್ನು ಹೀಗೆ ನಿಷ್ಪಕ್ಷಪಾತವಾಗಿ ಅಳೆಯುವುದು ಯಾವ ಕಾಲದಲ್ಲೂ ಸುಲಭವಲ್ಲ. ಅದನ್ನು ಮುಚ್ಚಿಡದೆ ಮುಂದಿನ ದಾರಿಗೆ ಬೆಳಕಾಗಿಸಿಕೊಂಡುದೇ ಪೊನ್ಸೆಟಿಯವರ ದೊಡ್ಡತನ.

ಅವರು ಮೃತ ಶಿಶುಗಳ ಪಾದಗಳನ್ನು ಛೇದಿಸಿ ಅಧ್ಯಯನ ಮಾಡಿದರು. ಕೀಲುಗಳ ಚಲನೆಯನ್ನು ಎಕ್ಸ್-ರೇ ಚಿತ್ರಗಳಲ್ಲಿ ಗಮನಿಸಿದರು. ಕಣಕಾಲಿನ ಕೆಳಗೆ ಟ್ಯಾಲಸ್ ಎಂಬ ಎಲುಬಿದೆ. ಅದರ ಕೆಳಗೂ ಮುಂದೂ ಇರುವ ಎಲುಬುಗಳು ಬೇರೆಬೇರೆಯಾಗಿ ಚಲಿಸದೆ, ಗಡಿಯಾರದ ಚಕ್ರಗಳಂತೆ ಪರಸ್ಪರ ಕೂಡಿಕೊಂಡು ಚಲಿಸುತ್ತವೆ. ಆದುದರಿಂದ ಒಂದೊಂದು ದೋಷವನ್ನು ಒಂದೊಂದು ಕಡೆ ಒತ್ತಿ ತಿದ್ದುವುದು ವ್ಯರ್ಥ. ಟ್ಯಾಲಸ್ ಎಲುಬಿನ ತಲೆಯನ್ನು ಹೊರಗಡೆಯಿಂದ ಹೆಬ್ಬೆರಳಿನಿಂದ ಆನಿಸಿ ಹಿಡಿದು, ಉಳಿದ ಪಾದವನ್ನೆಲ್ಲ ಒಟ್ಟಾಗಿ ಅದರ ಸುತ್ತ ಹೊರಕ್ಕೆ ತಿರುಗಿಸಿದರೆ, ಹಿಮ್ಮಡಿಯನ್ನು ಮುಟ್ಟದಿದ್ದರೂ ಅದು ತಾನಾಗಿ ಸರಿಯಾದ ಸ್ಥಾನಕ್ಕೆ ಬರುತ್ತದೆ. ಇದೇ ಪೊನ್ಸೆಟಿ ಪದ್ಧತಿಯ ಹೃದಯ.

ಚಿಕಿತ್ಸೆಯ ಕ್ರಮ

ನವಜಾತ ಶಿಶುವಿನ ಕಟ್ಟುನಾರುಗಳು ಮೆಲ್ಲನೆ ಎಳೆದರೆ ಹಿಗ್ಗುತ್ತವೆ. ಎಲುಬಾಗಬೇಕಾದ ಮೃದ್ವಸ್ಥಿಗಳು ಸರಿಯಾದ ಒತ್ತಡಕ್ಕೆ ಒಳಗಾದರೆ ತಮ್ಮ ಆಕಾರವನ್ನು ತಿದ್ದಿಕೊಳ್ಳುತ್ತವೆ. ಆದುದರಿಂದ ಜನನದ ಒಂದೆರಡು ವಾರಗಳೊಳಗೇ ಚಿಕಿತ್ಸೆಯನ್ನು ಆರಂಭಿಸುವುದು ಉತ್ತಮ. ಶಿಶು ಹಾಲು ಕುಡಿಯುತ್ತ ಶಾಂತವಾಗಿರುವಾಗ ವೈದ್ಯರು ಪಾದವನ್ನು ಮೃದುವಾಗಿ ತಿದ್ದಿ, ಮೊಣಕಾಲನ್ನು ಲಂಬಕೋನದಲ್ಲಿ ಬಾಗಿಸಿ, ಕಾಲ್ಬೆರಳುಗಳಿಂದ ತೊಡೆಸಂದಿನವರೆಗೆ ಪ್ಲಾಸ್ಟರ್ ಹಾಕುತ್ತಾರೆ. ವಾರಕ್ಕೊಮ್ಮೆ ಅದನ್ನು ತೆಗೆದು, ಇನ್ನಷ್ಟು ತಿದ್ದಿ, ಹೊಸದನ್ನು ಹಾಕಲಾಗುತ್ತದೆ. ಮೊದಲ ಪ್ಲಾಸ್ಟರಿನಲ್ಲಿ ಹೆಬ್ಬೆರಳಿನ ಕಡೆಯನ್ನು ಮೇಲೆತ್ತಿ ಅಂಗಾಲಿನ ಕಮಾನನ್ನು ಸರಿಪಡಿಸುವುದರಿಂದ, ಪಾದ ಮತ್ತಷ್ಟು ಸೊಟ್ಟಗಾದಂತೆ ಕಾಣುವುದುಂಟು. ಇದರಿಂದ ತಂದೆತಾಯಿಗಳು ಗಾಬರಿಯಾಗಬೇಕಾಗಿಲ್ಲ. ಸಾಮಾನ್ಯವಾಗಿ ಐದಾರು ಪ್ಲಾಸ್ಟರುಗಳಲ್ಲಿ ಪಾದ ಸುಮಾರು 60-70 ಡಿಗ್ರಿಗಳಷ್ಟು ಹೊರಕ್ಕೆ ತಿರುಗುತ್ತದೆ.

ಆದರೂ ಹೆಚ್ಚಿನ ಶಿಶುಗಳಲ್ಲಿ ಹಿಮ್ಮಡಿಯ ಬಿಗಿತ ಉಳಿದಿರುತ್ತದೆ. ಆಗ ಆ ಭಾಗವನ್ನು ಮಾತ್ರ ಮರಗಟ್ಟಿಸಿ, ಸ್ನಾಯುರಜ್ಜುವನ್ನು ಸಣ್ಣ ಅಲಗಿನಿಂದ ಬಿಡಿಸುತ್ತಾರೆ, ಹೊಲಿಗೆಯ ಅಗತ್ಯವಿರುವುದಿಲ್ಲ. ಮೂರು ವಾರಗಳ ಕೊನೆಯ ಪ್ಲಾಸ್ಟರಿನೊಳಗೆ ರಜ್ಜು ಸರಿಯಾದ ಉದ್ದದಲ್ಲಿ ಮತ್ತೆ ಕೂಡಿ ಬೆಳೆಯುತ್ತದೆ. ಸ್ಟ್ರೊಮೈಯರನ ಸೂಕ್ಷ್ಮ ಕೌಶಲವು ಹೀಗೆ ತನ್ನ ಯೋಗ್ಯ ಸ್ಥಾನದಲ್ಲಿ ಉಳಿದುಕೊಂಡಿದೆ.

ಅನಂತರದ ಹಂತವೇ ನಿಜವಾದ ಪರೀಕ್ಷೆ. ಎರಡು ಬೂಟುಗಳನ್ನು ಒಂದು ಸರಳಿಗೆ ಜೋಡಿಸಿದ ಬ್ರೇಸನ್ನು ಮೊದಲ ಮೂರು ತಿಂಗಳು ದಿನಕ್ಕೆ 23 ಗಂಟೆ, ಆ ಬಳಿಕ ಮಗುವಿಗೆ ನಾಲ್ಕು ವರ್ಷ ತುಂಬುವವರೆಗೆ ರಾತ್ರಿಯ ಹಾಗೂ ಹಗಲಿನ ನಿದ್ರೆಯ ವೇಳೆಯಲ್ಲಿ ತೊಡಿಸಬೇಕು. ಪಾದ ನೋಡಲು ನೇರವಾಗಿದೆ, ಮಗು ಓಡಾಡುತ್ತಿದೆ, ಇನ್ನು ಇದೇಕೆ ಎಂದು ಬ್ರೇಸನ್ನು ಅಟ್ಟದ ಮೇಲಿಟ್ಟ ಮನೆಗಳಲ್ಲಿ ಪಾದವು ಮತ್ತೆ ಸೊಟ್ಟಗಾಗುವ ಸಂಭವ ಬಹಳ ಹೆಚ್ಚು. ಮರುಕಳಿಸಿದರೆ ಮತ್ತೆ ಪ್ಲಾಸ್ಟರ್ ಹಾಕಿ ತಿದ್ದಬಹುದು. ಕೆಲವು ಮಕ್ಕಳಿಗೆ ಮುಂದೆ ಸ್ನಾಯುರಜ್ಜುವೊಂದರ ಸ್ಥಾನವನ್ನು ಬದಲಿಸುವ ಶಸ್ತ್ರಚಿಕಿತ್ಸೆಯೂ ಬೇಕಾಗುತ್ತದೆ. ಬೆನ್ನುಹುರಿಯ ದೋಷ ಮೊದಲಾದವುಗಳೊಡನೆ ಬರುವ ಸೊಟ್ಟಪಾದ ಇನ್ನೂ ಕಠಿಣವಾದುದು.

ಉಪೇಕ್ಷೆಯ ಮೂರು ದಶಕಗಳು

ಪೊನ್ಸೆಟಿಯವರು ಸಹೋದ್ಯೋಗಿಯೊಬ್ಬರೊಡನೆ ತಮ್ಮ ಫಲಿತಾಂಶಗಳನ್ನು 1963ರಲ್ಲಿ ಅಮೆರಿಕದ ಪ್ರಮುಖ ಮೂಳೆಶಾಸ್ತ್ರ ಪತ್ರಿಕೆಯಲ್ಲಿ ಪ್ರಕಟಿಸಿದರು. ಲೋಕ ಅದನ್ನು ಗಮನಿಸಲಿಲ್ಲ. 1971ರಲ್ಲಿ ಟರ್ಕೊ ಎಂಬ ವೈದ್ಯರು ಪಾದದ ಹಿಂಭಾಗ ಮತ್ತು ಒಳಭಾಗದ ಬಂಧಗಳನ್ನೆಲ್ಲ ಒಂದೇ ಸಲಕ್ಕೆ ಬಿಡಿಸುವ ವಿಸ್ತಾರವಾದ ಶಸ್ತ್ರಚಿಕಿತ್ಸೆಯನ್ನು ವರ್ಣಿಸಿದಾಗ, ದೇಶದೇಶಗಳ ಶಸ್ತ್ರವೈದ್ಯರು ಅದನ್ನು ಅನುಸರಿಸಿದರು. ಶಸ್ತ್ರಕ್ರಿಯೆ ಮುಗಿದೊಡನೆ ಪಾದ ನೇರವಾಗಿ ಕಾಣುತ್ತಿತ್ತು. ಎಕ್ಸ್-ರೇ ಚಿತ್ರವೂ ಅಚ್ಚುಕಟ್ಟಾಗಿರುತ್ತಿತ್ತು. ಕೈಯಿಂದ ನೀವಿ ಪಟ್ಟಿ ಕಟ್ಟುವ ಹಳೆಯ ಕಾಲದ ಕೆಲಸದಂತೆ ಕಂಡ ಪದ್ಧತಿಗೆ ಅದರ ಮುಂದೆ ಆಕರ್ಷಣೆಯಿರಲಿಲ್ಲ.

ಆದರೆ ಪಾದವಿರುವುದು ಚಿತ್ರದಲ್ಲಿ ಚೆನ್ನಾಗಿ ಕಾಣುವುದಕ್ಕಲ್ಲ, ಜೀವಮಾನವೆಲ್ಲ ನಡೆಯುವುದಕ್ಕೆ. ಅಯೋವಾದ ಕೂಪರ್ ಮತ್ತು ಡೀಟ್ಸ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಪೊನ್ಸೆಟಿಯವರಿಂದ ಶೈಶವದಲ್ಲಿ ಚಿಕಿತ್ಸೆ ಪಡೆದು ಸರಾಸರಿ 34 ವರ್ಷ ವಯಸ್ಸಾಗಿದ್ದ 45 ಮಂದಿಯ 71 ಪಾದಗಳನ್ನು ಪರೀಕ್ಷಿಸಲಾಯಿತು. ಅವರಲ್ಲಿ ಶೇಕಡ 78 ಮಂದಿಯ ಸ್ಥಿತಿ ಉತ್ತಮವಾಗಿತ್ತು. ಹುಟ್ಟಿನಿಂದ ಸಹಜ ಪಾದವುಳ್ಳ ಅದೇ ವಯಸ್ಸಿನವರಲ್ಲಿ ಈ ಪ್ರಮಾಣ ಶೇಕಡ 85. ಇವೆರಡರ ನಡುವಿನ ಅಂತರ ಎಷ್ಟು ಅಲ್ಪವೆಂಬುದನ್ನು ಗಮನಿಸಬೇಕು. ವಿಸ್ತಾರವಾದ ಶಸ್ತ್ರಚಿಕಿತ್ಸೆಗೆ ಒಳಗಾದವರನ್ನು ಸುಮಾರು ಮೂವತ್ತು ವರ್ಷಗಳ ಬಳಿಕ ಪರೀಕ್ಷಿಸಿದ ಇನ್ನೊಂದು ಅಧ್ಯಯನ 2006ರಲ್ಲಿ ಪ್ರಕಟವಾಯಿತು. ಬಿಗಿತ, ನೋವು, ಕೀಲುಗಳ ಸವೆತ ಅವರಲ್ಲಿ ಸಾಮಾನ್ಯವಾಗಿದ್ದವು. ಆ ಹೊತ್ತಿಗೆ ಒಂದು ಇಡೀ ತಲೆಮಾರಿನ ಮಕ್ಕಳು ಕತ್ತಿಯ ಗುರುತನ್ನು ಹೊತ್ತು ಬೆಳೆದಿದ್ದರು.

1984ರಲ್ಲಿ ನಿವೃತ್ತರಾಗಿದ್ದ ಪೊನ್ಸೆಟಿ ಮತ್ತೆ ಆಸ್ಪತ್ರೆಗೆ ಮರಳಿ, ಎಂಬತ್ತು ದಾಟಿದ ವಯಸ್ಸಿನಲ್ಲೂ ಶಿಶುಗಳಿಗೆ ಪ್ಲಾಸ್ಟರ್ ಹಾಕುತ್ತಿದ್ದರು. 1996ರಲ್ಲಿ ತಮ್ಮ ಗ್ರಂಥವನ್ನು ಪ್ರಕಟಿಸಿದರು. ವೈದ್ಯಲೋಕಕ್ಕಿಂತ ಮೊದಲು ಎಚ್ಚೆತ್ತವರು ತಂದೆತಾಯಿಗಳು. ತಮ್ಮ ಕೂಸುಗಳನ್ನು ಕತ್ತಿಗೆ ಒಪ್ಪಿಸಲೊಲ್ಲದವರು ಅಯೋವಾಕ್ಕೆ ಬಂದು, ಕಂಡ ಫಲವನ್ನು ಅಂತರ್ಜಾಲದ ಮೂಲಕ ಇತರರಿಗೆ ತಿಳಿಸಿದರು. 2002ರಲ್ಲಿ ಬಾಲ್ಟಿಮೋರಿನ ಹರ್ಜೆನ್‌ಬರ್ಗ್ ಮತ್ತು ಸಂಗಡಿಗರು ಎರಡು ಬಗೆಯ ಪ್ಲಾಸ್ಟರ್ ಚಿಕಿತ್ಸೆಗಳನ್ನು ಹೋಲಿಸಿದರು. ಹಳೆಯ ಕ್ರಮದಲ್ಲಿ 34 ಪಾದಗಳಲ್ಲಿ 32ಕ್ಕೆ ದೊಡ್ಡ ಶಸ್ತ್ರಚಿಕಿತ್ಸೆ ಅನಿವಾರ್ಯವಾಗಿತ್ತು. ಪೊನ್ಸೆಟಿ ಕ್ರಮದಲ್ಲಿ 34ರಲ್ಲಿ ಒಂದಕ್ಕೆ ಮಾತ್ರ. 2004ರಲ್ಲಿ ಅಯೋವಾದಿಂದ ಬಂದ ವರದಿಯಂತೆ 256 ಪಾದಗಳಲ್ಲಿ ಶೇಕಡ 98 ಪಾದಗಳು ನೇರವಾಗಿದ್ದವು. ಸತ್ಯ ಕಡೆಗೂ ಸ್ವೀಕೃತವಾಯಿತು. ಪೊನ್ಸೆಟಿಯವರು 2009ರಲ್ಲಿ 95ನೆಯ ವಯಸ್ಸಿನಲ್ಲಿ ನಿಧನರಾದರು.

ಬಡವರ ಮನೆಬಾಗಿಲಿಗೆ

ಈ ಪದ್ಧತಿಯ ಇನ್ನೊಂದು ಹಿರಿಮೆ ಅದರ ಮಿತವ್ಯಯ. ಉಗಾಂಡಾದಲ್ಲಿ ಹುಟ್ಟಿ ಕೆನಡಾದಲ್ಲಿ ನೆಲೆಸಿದ ಮೂಳೆತಜ್ಞ ಶಫೀಕ್ ಪಿರಾನಿ 1999ರಲ್ಲಿ ಇದನ್ನು ತಮ್ಮ ಜನ್ಮಭೂಮಿಗೆ ಕೊಂಡೊಯ್ದರು. ಮೂಳೆತಜ್ಞರೇ ವಿರಳವಾಗಿದ್ದ ಆ ದೇಶದಲ್ಲಿ, ಪದವೀಧರ ವೈದ್ಯರಲ್ಲದ ಆರೋಗ್ಯ ಸಿಬ್ಬಂದಿಗೂ ತರಬೇತಿ ನೀಡಲಾಯಿತು. ಅವರ ಕೈಯಲ್ಲೂ ಪಾದಗಳು ನೇರವಾದವು. ಡಚ್ ತಂತ್ರಜ್ಞ ಸ್ಟೀನ್‌ಬೀಕ್ ಊರಿನಲ್ಲೇ ಸಿಗುವ ಚರ್ಮ ಮತ್ತು ಕಬ್ಬಿಣದ ಸರಳಿನಿಂದ ಅಗ್ಗದ ಬ್ರೇಸನ್ನು ರೂಪಿಸಿದರು. ಅದೇ ಮಾದರಿಯ ಬ್ರೇಸುಗಳು ಭಾರತದಲ್ಲೂ ಬಳಕೆಗೆ ಬಂದವು.

ವರ್ಷಕ್ಕೆ ಎರಡು ಕೋಟಿಗೂ ಮಿಕ್ಕಿ ಶಿಶುಗಳು ಜನಿಸುವ ಭಾರತದಲ್ಲಿ ಸೊಟ್ಟಪಾದದ ಶಿಶುಗಳ ಸಂಖ್ಯೆ ಹತ್ತಾರು ಸಾವಿರ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಲ್ಲಿ, ಹುಟ್ಟಿನಲ್ಲೇ ಗುರುತಿಸಿ ಉಚಿತ ಚಿಕಿತ್ಸೆಗೆ ಕಳುಹಿಸಬೇಕಾದ ದೋಷಗಳ ಪಟ್ಟಿಗೆ ಇದೂ ಸೇರಿದೆ. ಆದರೂ ಎರಡು ಅಡ್ಡಿಗಳು ಉಳಿದಿವೆ. ಗ್ರಹಣಕಾಲದಲ್ಲಿ ಬಸುರಿ ಹೊರಗೆ ಬಂದಳು, ಚಾಕು ಹಿಡಿದಳು ಎಂದು ತಾಯಿಯ ಮೇಲೆಯೇ ದೋಷ ಹೊರಿಸುವ ಮೂಢನಂಬಿಕೆ ಮೊದಲನೆಯದು. ಈ ವಿಕಾರದ ಕಾರಣ ಪೂರ್ಣವಾಗಿ ಅರಿವಾಗಿಲ್ಲ, ವಂಶಪಾರಂಪರ್ಯದ ಪಾತ್ರ ಒಂದಿಷ್ಟಿದೆ. ಗ್ರಹಣಕ್ಕೂ ತಾಯಿಯ ನಡತೆಗೂ ಇದರೊಡನೆ ಯಾವ ಸಂಬಂಧವೂ ಇಲ್ಲ. ದೂಷಿತಳಾದ ತಾಯಿ ಕೂಸಿನ ಕಾಲನ್ನು ಬಟ್ಟೆಯಲ್ಲಿ ಮುಚ್ಚಿಡುತ್ತಾಳೆ. ಅಮೂಲ್ಯವಾದ ವಾರಗಳು ಕಳೆದುಹೋಗುತ್ತವೆ. ತಡವಾಗಿ ಬಂದ ಮಕ್ಕಳಿಗೂ ಈ ಪದ್ಧತಿಯಿಂದ ಪ್ರಯೋಜನವುಂಟು. ಆದರೆ ಬೇಗ ಬಂದವರಿಗೆ ಅದು ಸುಲಭ.

ಎರಡನೆಯ ಅಡ್ಡಿ ದಾರಿಯದು. ಚಿಕಿತ್ಸೆ ಉಚಿತವಾದರೂ ವಾರವಾರವೂ ಜಿಲ್ಲಾ ಆಸ್ಪತ್ರೆಗೆ ಹೋಗಿಬರುವ ಬಸ್ಸಿನ ಖರ್ಚು, ಕಳೆದುಕೊಂಡ ದಿನಗೂಲಿ, ಮನೆಯಲ್ಲಿ ಬಿಟ್ಟುಬಂದ ಇತರ ಮಕ್ಕಳ ಚಿಂತೆ ಬಡ ಕುಟುಂಬಕ್ಕೆ ಭಾರವೇ. ಐದಾರು ವಾರ ಹೇಗೋ ನಿಭಾಯಿಸಿದವರೂ ನಾಲ್ಕು ವರ್ಷಗಳ ಬ್ರೇಸಿನ ಹಂತದಲ್ಲಿ ಸೋಲುತ್ತಾರೆ. ಮಗು ಬೆಳೆದಂತೆ ಬೂಟು ಚಿಕ್ಕದಾಗುತ್ತದೆ, ಹೊಸದನ್ನು ಕೊಳ್ಳಬೇಕಾಗುತ್ತದೆ. ಸಮಾಜದ ಸಂಸ್ಥೆಗಳು, ದೇವಾಲಯಗಳ ಟ್ರಸ್ಟುಗಳು ನೆರವಾಗಬಹುದಾದ ಸ್ಥಾನ ಇದೇ. ಹೊಸ ಕಟ್ಟಡ ಬೇಕಾಗಿಲ್ಲ, ದುಬಾರಿ ಯಂತ್ರ ಬೇಕಾಗಿಲ್ಲ. ಪ್ರಯಾಣದ ವೆಚ್ಚ, ಅಳತೆಗೆ ತಕ್ಕ ಬ್ರೇಸು, ತಿಂಗಳಿಗೊಮ್ಮೆ ಮನೆಗೆ ಹೋಗಿ ಅದನ್ನು ತೊಡಿಸುತ್ತಿದ್ದಾರೆಯೇ ಎಂದು ವಿಚಾರಿಸುವ ಒಬ್ಬ ವ್ಯಕ್ತಿ ಇದ್ದರೆ ಸಾಕು. ಇಂತಹ ನೆರವಿಗೆ ಉದ್ಘಾಟನೆಯ ಫಲಕವಿರುವುದಿಲ್ಲ. ವರ್ಷಗಟ್ಟಲೆ ಬಿಡದೆ ನಡೆಸುವ ಸಂಕಲ್ಪ ಮಾತ್ರ ಇರಬೇಕಾಗುತ್ತದೆ.

ಸೊಟ್ಟಪಾದದ ಚಿಕಿತ್ಸೆಯ ಇತಿಹಾಸದಲ್ಲಿ ಬಲಪ್ರಯೋಗಿಸಿದವರು ದುಷ್ಟರಾಗಿರಲಿಲ್ಲ; ಬೇಗನೆ ಫಲ ಕಾಣಬೇಕೆಂಬ ಆತುರ ಅವರನ್ನು ದಾರಿ ತಪ್ಪಿಸಿತು. ಕೈಟರಂತಹವರಲ್ಲಿ ಸಹನೆಯಿದ್ದರೂ ಸೂಕ್ಷ್ಮವಾದ ಅರಿವು ಸಾಲದಾಯಿತು. ಅರಿವೂ ಸಹನೆಯೂ ಒಂದೇ ಕೈಯಲ್ಲಿ ಕೂಡಿದಾಗ ಕೂಸಿನ ಪಾದ ತಾನಾಗಿ ತನ್ನ ಸ್ಥಾನಕ್ಕೆ ಬಂದಿತು. ಆ ಕೈ ಮೊದಲ ಕೆಲವು ವಾರ ವೈದ್ಯನದು. ಮುಂದಿನ ನಾಲ್ಕು ವರ್ಷ, ರಾತ್ರಿ ರಾತ್ರಿಯೂ, ತಾಯಿತಂದೆಗಳದು.